ಟುವ್ವಿ ಹಕ್ಕಿಯ ಹೊಲಿಗೆಗೆ ಗಂಟು ಯಾಕಿಲ್ಲ

ಏನೇ ಅದು, ಮಾವನ ಟ್ರೈಲರ್ ಕಿಟಕಿಗೆ ತುರುಕ್ತಾ ಇರೋದು? ಹಳೇ ದಿಂಬಿನ ಹತ್ತಿಯಾ? ಹಕ್ಕಿ ಗೂಡು ಕಟ್ಟಬಾರದು ಅಂತಲಾ? ಭೇಷ್! ನಿನ್ನ ಮಾವ ಜೇನುಪೆಟ್ಟಿಗೆ ಹೇರಿಕೊಂಡು ಸೂರ್ಯಕಾಂತಿ ಹೊಲಗಳ ಕಡೆ ಹೊರಟಾಗ ಮಲಗೋದಕ್ಕೆ ಇರೋದು ಅದೊಂದೇ ಚಕ್ರದ ಮನೆ. ಮಳೆಗಾಲ ಪೂರ್ತಿ ಹಿತ್ತಲಲ್ಲಿ ನಿಂತೇ ಇರುತ್ತೆ. ನಿಂತಿದ್ದು ಕಂಡರೆ ಹಕ್ಕಿಗಳು ಬಿಟ್ಟಾವಾ?

ತುರುಕು, ತುರುಕು. ಹತ್ತಿ ತುರುಕಿದರೆ ಹಕ್ಕಿ ಬರಲ್ಲ ಅಂದುಕೊಂಡಿದ್ದೀಯಲ್ಲ, ಅದಕ್ಕೇ ನನಗೆ ನಗು. ನಿನಗಿಂತ ಮೊದಲು ಒಬ್ಬಳು ಇದೇ ಕೆಲಸ ಮಾಡಿದ್ದಳು. ಲೋಕದಲ್ಲಿ ಎಲ್ಲರಿಗಿಂತ ಮೊದಲು ಮಾಡಿದವಳು ಅವಳೇ. ಬಾ, ಆ ಮಲ್ಲಿಗೆ ಬುಟ್ಟಿ ಇತ್ತ ಸರಿಸು, ಹೂ ಕಟ್ಟುತ್ತಾ ಹೇಳ್ತೀನಿ. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಈಗಲೇ ಹೇಳಿದ್ದೀನಿ.

ಲೋಕ ಆಗ ಇನ್ನೂ ಹಸಿ ಮಡಕೆಯ ಹಾಗಿತ್ತು. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ನೋಡುತ್ತಿದ್ದವು. ಹೊಳೆಗಳು ದಾರಿ ಕಲಿಯುತ್ತಿದ್ದವು. ಗಾಳಿಗೆ ಬಾಯಿ ನಿಲ್ಲುತ್ತಿರಲಿಲ್ಲ, ಕಂಡಕಂಡವರನ್ನು ಮಾತಾಡಿಸುತ್ತಾ ಅಲೆಯುತ್ತಿತ್ತು. ಆಗ ಹಕ್ಕಿಯ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರ ಮಾತು ಹಕ್ಕಿಗೆ ತಿಳಿಯುತ್ತಿತ್ತು.

ನೆಲ ಗಟ್ಟಿಯಾಗಿರಲಿಲ್ಲ ನೋಡು, ಅದಕ್ಕೆ ಯಾರೂ ನೆಲದ ಮೇಲೆ ಮನೆ ಕಟ್ಟುತ್ತಿರಲಿಲ್ಲ. ಇವತ್ತು ಗೋಡೆ ಎಬ್ಬಿಸಿದರೆ ನಾಳೆ ಅದೇ ಜಾಗದಲ್ಲಿ ಕೆರೆ. ಎಲ್ಲರದ್ದೂ ಗಾಡಿಮನೆ. ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ, ಗಾಡಿಯಲ್ಲೇ ಜಗಳ.

ಅಂಥ ಒಂದು ಗಾಡಿಮನೆಯಲ್ಲಿ ಬೋರವ್ವ ಅಂತ ಒಬ್ಬಳಿದ್ದಳು. ಗಟ್ಟಿಗಿತ್ತಿ. ಹಿಡಿದ ಕೆಲಸ ಬಿಡುವವಳಲ್ಲ. ಅವಳ ಗಂಡ ಗಿರಿಯಪ್ಪ ಮಾತ್ರ ತೀರಾ ಸಾಧು; ಎತ್ತುಗಳಿಗೂ "ಸ್ವಲ್ಪ ನಡೀರಪ್ಪಾ" ಅಂತ ಕೇಳಿಕೊಳ್ಳುವ ಜಾತಿ. ಅವರ ಗಾಡಿಗೆ ಬಿದಿರಿನ ಕಮಾನು, ಕಮಾನಿನ ಮೇಲೆ ಮುತ್ತುಗದ ಎಲೆಯ ಹೊದಿಕೆ. ಬಟ್ಟೆ ಎಲ್ಲಿತ್ತು ಆಗ? ನಾವು ಈಗ ಊಟದ ಎಲೆ ಹಚ್ಚೋದಿಲ್ಲವಾ, ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚಿ? ಹಾಗೇ ಚುಚ್ಚಿದ ಹೊದಿಕೆ ಅದು. ಕಡ್ಡಿ ಬಿದ್ದುಹೋದ ಕಡೆಯೆಲ್ಲ ತೂತು.

ಬೋರವ್ವನಿಗೆ ಇದ್ದವಳು ಒಬ್ಬಳೇ ಮಗಳು, ಸಾಕವ್ವ. ಹೊಳೆಯಾಚೆಯ ಗಾಡಿಯವರಿಗೆ ಕೊಟ್ಟಿದ್ದರು. ಆ ಮದುವೆಗೆ ಏನಾಯಿತು ಗೊತ್ತಾ? ಹೇಳೋಕೆ ನನಗೇ ಬೇಜಾರು. ಮಗಳ ಮದುವೆಗೆ ಅವ್ವನೇ ಇರಲಿಲ್ಲ!

ಯಾಕೆ ಅಂದರೆ, ಆ ಕಾಲಕ್ಕೆ ಭೂಮಿತಾಯಿ ಒಂದು ಕಟ್ಟಳೆ ಮಾಡಿದ್ದಳು. "ಮೊಟ್ಟೆ ಇಟ್ಟ ಜಾಗ, ಮರಿ ಹಾರೋ ತನಕ ಅಲುಗಬಾರದು." ಬೆಟ್ಟದ ಮೇಲೆ ಮೊಟ್ಟೆ ಇಟ್ಟರೆ ಬೆಟ್ಟವೂ ಅಲುಗುವ ಹಾಗಿಲ್ಲ. ಗಾಡಿಯೊಳಗೆ ಇಟ್ಟರೆ ಗಾಡಿಯೂ ಅಷ್ಟೇ. ಮದುವಣಗಿತ್ತಿಯನ್ನು ಗಂಡಿನ ಕಡೆಯವರು ಹಿಂದಿನ ದಿನವೇ ಕರಕೊಂಡು ಹೋಗಿದ್ದರು. ಅಪ್ಪ ಅವ್ವ ಮದುವೆಗೆ ಹೊರಡೋ ಬೆಳಿಗ್ಗೆ ನೋಡಿದರೆ, ಗೊರವಂಕವೊಂದು ಕಮಾನಿನ ಮೂಲೆಯಲ್ಲಿ ಮೊಟ್ಟೆ ಇಟ್ಟು ಕೂತಿದೆ! ಗಿರಿಯಪ್ಪ ಎತ್ತು ಹೂಡಿದ. ಎತ್ತುಗಳು ಎಳೆದವು. ಗಾಡಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಹೊಳೆಯಲ್ಲಿ ಬೇರೆ ಸೊಂಟಮಟ್ಟ ನೀರು, ಗಾಡಿ ಇಲ್ಲದೆ ದಾಟುವ ಹಾಗಿರಲಿಲ್ಲ. ಹೊಳೆಯಾಚೆ ಓಲಗ ಊದಿದ್ದು ಈಚೆ ದಡಕ್ಕೆ ಕೇಳಿಸುತ್ತಿತ್ತು. ಬೋರವ್ವ ನೊಗದ ಮೇಲೆ ಕೂತು ಅತ್ತಳು.

ಈಗ ಆ ಸಾಕವ್ವ ಬಸುರಿ. ಚೊಚ್ಚಲು. ಚೊಚ್ಚಲ ಹೆರಿಗೆ ಎಲ್ಲಾಗಬೇಕು ಹೇಳು? ತವರುಮನೆಯಲ್ಲಿ. ಮಗಳು ತವರಿಗೆ ಬರೋದು ನಮ್ಮ ಕಾಲದ ಪದ್ಧತಿ. ಆದರೆ ಆ ಕಾಲದಲ್ಲಿ ತವರಿಗೆ ಚಕ್ರ ಇತ್ತಲ್ಲ, ತವರೇ ಮಗಳ ಹತ್ತಿರ ಹೋಗಬೇಕು. ಹೊಳೆ ಮಗಳ ಮಾತನ್ನು ಹೊತ್ತು ತಂದಿತು.

"ಬೋರವ್ವಾ, ನಿನ್ನ ಮಗಳು ಹೇಳಿ ಕಳಿಸಿದ್ದಾಳೆ. ಮದುವೆಗಂತೂ ಬರಲಿಲ್ಲ, ಬಾಣಂತನಕ್ಕಾದರೂ ಬಾರವ್ವಾ ಅಂದಳು."

ಬೋರವ್ವನಿಗೆ ಎದೆಗೆ ಹಾರೆ ಹಾಕಿ ಮೀಟಿದ ಹಾಗಾಯಿತು. "ಹೊಳೆಯವ್ವಾ, ನೀನು ಯಾವಾಗ ಇಳಿತೀಯಾ?"

"ನವಣೆ ತೆನೆ ಬಾಗೋ ಹೊತ್ತಿಗೆ ಇಳಿತೀನಿ. ಆಗ ದಾಟಬೇಕು. ತಡ ಮಾಡಿದರೆ ಹಿಂಗಾರಿನ ಮೋಡ ಬರುತ್ತೆ, ನನ್ನ ಕೈಲಿ ಏನೂ ಇರಲ್ಲ."

"ನಾನು ಬರ್ತೀನಿ," ಅಂದಳು ಬೋರವ್ವ. "ಈ ಸಲ ನನ್ನ ಗಾಡಿಯೊಳಗೆ ಒಂದು ಮೊಟ್ಟೆಯೂ ಬೀಳೋದಕ್ಕೆ ಬಿಡಲ್ಲ. ಒಂದೇ ಒಂದು ಮೊಟ್ಟೆಯೂ ಬೀಳೋದಕ್ಕೆ ಬಿಡಲ್ಲ."

ಹಾಗಂದು ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗಟ್ಟಿಯಾಗಿ ಕಾಲೂರಿ ಕಾವಲು ನಿಂತಳು.

ಮಳೆ ಹಿಡಿಯಿತು. ಹಕ್ಕಿಗಳು ಬಂದವು. ಗೊರವಂಕ ಬಂತು, ಪಾರಿವಾಳ ಬಂತು. ಬೋರವ್ವ ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಕೆಮ್ಮುತ್ತಾ ಹೋದವು. ಸೋರೆ ಬುರುಡೆಯೊಳಗೆ ಕಲ್ಲು ತುಂಬಿ ಕಮಾನಿಗೆ ನೇತುಹಾಕಿ, "ಗಾಳಿಯಪ್ಪಾ, ಹೇಗೂ ಸುಮ್ಮನೆ ಅಲೀತೀಯಲ್ಲ, ಇದನ್ನೊಂದಿಷ್ಟು ಅಲ್ಲಾಡಿಸು," ಅಂದಳು. ಗಾಳಿಗೆ ಖುಷಿಯೋ ಖುಷಿ. ಗಡಗಡ ಗಡಗಡ ಅಂತ ಅಲ್ಲಾಡಿಸಿತು. ಉಳಿದ ಹಕ್ಕಿಗಳೂ ದಿಕ್ಕಾಪಾಲಾದವು.

ಒಂದು ಹಕ್ಕಿ ಮಾತ್ರ ಸೊಪ್ಪು ಹಾಕಲಿಲ್ಲ.

ಹೆಬ್ಬೆರಳಿನಷ್ಟು ಹಕ್ಕಿ. ಹಸಿರು ಬೆನ್ನು, ನೆತ್ತಿ ಮೇಲೆ ಕಾವಿ ಬಳಿದ ಹಾಗೆ ಒಂದು ಪಟ್ಟೆ, ಮೇಲಕ್ಕೆ ನಿಗುರಿಸಿದ ಬಾಲ. ಮೈಗಿಂತ ಗಂಟಲು ದೊಡ್ಡದು. "ಟುವ್ವಿ! ಟುವ್ವಿ! ಟುವ್ವಿ!" ಅಂತ ಕೂಗುತ್ತಾ ಹೊದಿಕೆಯ ತೂತಿನಿಂದ ಒಳಗೆ ನುಗ್ಗಿತು.

"ಏಯ್, ಯಾರೇ ನೀನು? ಆಚೆ ನಡಿ!"

"ಯಾಕೆ ಹೋಗಲಿ? ಎಷ್ಟು ಚೆನ್ನಾಗಿದೆ! ಮಳೆ ಬೀಳಲ್ಲ, ಕಾಗೆ ಕಣ್ಣಿಗೆ ಕಾಣಲ್ಲ, ಹಾವು ಹತ್ತಲ್ಲ."

"ಇದು ನನ್ನ ಮನೆ ಕಣೇ!"

"ಆಗಲಿ ತಾಯಿ, ನಿನ್ನದೇ. ನನಗೆ ಒಂದು ಮೂಲೆ ಸಾಕು."

"ಮೂಲೆಯೂ ಇಲ್ಲ, ಮುರುಕೂ ಇಲ್ಲ. ಎಲ್ಲ ಹಕ್ಕಿಗೂ ಗೂಡು ಕಟ್ಟೋಕೆ ಬರುತ್ತಲ್ಲ, ನಿನಗೇನು ಬಂದಿದೆ ರೋಗ?"

ಹಕ್ಕಿಯ ಬಾಲ ಇಳಿಯಿತು. "ಭೂಮಿತಾಯಿ ಒಬ್ಬೊಬ್ಬರಿಗೂ ಒಂದೊಂದು ಕಸುಬು ಹೇಳಿಕೊಟ್ಟಳಲ್ಲ, ಗೀಜಗಕ್ಕೆ ನೇಯೋದು, ಮರಕುಟಿಗಕ್ಕೆ ಕೊರೆಯೋದು? ಆಗ ನಾನು ಯಾರ ಹತ್ತಿರವೋ ಮಾತಾಡ್ತಾ ಇದ್ದೆ. ಹೋಗಿ ನೋಡಿದರೆ ಎಲ್ಲ ಮುಗಿದಿತ್ತು. ನೆಲದ ಮೇಲೆ ಇಟ್ಟ ಮೊಟ್ಟೆಯೆಲ್ಲ ಹಾವಿನ ಪಾಲಾಯಿತು. ಒಂದು ಮರಿಯನ್ನೂ ನಾನು ಇನ್ನೂ ನೋಡಿಲ್ಲ."

ಬೋರವ್ವನಿಗೆ ಪಾಪ ಅನ್ನಿಸಿತು. ಅನ್ನಿಸದೇ ಇರುತ್ತಾ? ಆದರೆ ಓಲಗದ ಸದ್ದು ನೆನಪಾಯಿತು. ಪೊರಕೆ ತಗೊಂಡು ಓಡಿಸಿಯೇಬಿಟ್ಟಳು.

ಸಂಜೆಗೆ ಮತ್ತೆ ಬಂತು. ಮತ್ತೆ ಓಡಿಸಿದಳು. ಬೆಳಿಗ್ಗೆ ಮತ್ತೆ ಬಂತು.

"ಇರಲಿ ಬಿಡೆ ಬೋರಿ," ಅಂದ ಗಿರಿಯಪ್ಪ. "ಇಷ್ಟುದ್ದ ಇದೆ ಪಾಪ."

"ಮೊಟ್ಟೆ ಇನ್ನೂ ಚಿಕ್ಕದು. ಗಾಡಿ ನಿಲ್ಲಿಸೋಕೆ ಅಷ್ಟೇ ಸಾಕು. ಎತ್ತು ಮೇಯಿಸಿಕೊಂಡು ಬನ್ನಿ ಹೋಗಿ ನೀವು!"

ಬೋರವ್ವ ತೂತುಗಳಿಗೆ ಹುಲ್ಲು ತುರುಕಿದಳು. ಬೆಳಿಗ್ಗೆ ನೋಡಿದರೆ ಹಕ್ಕಿ ಆ ಹುಲ್ಲಿನ ಮೇಲೇ ಕಾಲು ಚಾಚಿ ಕೂತಿದೆ. "ಹಾಸಿಗೆ ಹಾಸಿ ಕೊಟ್ಟೆಯಲ್ಲಾ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ!" ಅಂತ ಆಶೀರ್ವಾದ ಬೇರೆ! ಹುಲ್ಲು ಕಿತ್ತು ಹತ್ತಿ ತುರುಕಿದಳು. ಅದಂತೂ ಹಕ್ಕಿಗೆ ಹಬ್ಬ. ಆಗ ನಕ್ಕೆನಲ್ಲ ನಿನ್ನನ್ನ ನೋಡಿ, ಯಾಕೆ ಅಂತ ಈಗ ಗೊತ್ತಾಯ್ತಾ?

ಬೋರವ್ವನಿಗೆ ತಲೆ ಕೆಟ್ಟುಹೋಯಿತು. ಹೊಂಗೆ ಮರಕ್ಕೆ ಬೆನ್ನು ಕೊಟ್ಟು ಕೂತು ಯೋಚನೆ ಮಾಡಿದಳು. ಕೈಯಲ್ಲಿ ಹತ್ತಿ ಇತ್ತು. ಸುಮ್ಮನೆ ಹೊಸೆದಳು, ಹೊಸೆದಳು, ನೂಲಾಯಿತು. ಪಕ್ಕದಲ್ಲಿ ಜಾಲಿ ಮುಳ್ಳು ಬಿದ್ದಿತ್ತು. ಮುಳ್ಳಿನ ಬುಡಕ್ಕೆ ತೂತು ಕೊರೆದು ನೂಲು ಪೋಣಿಸಿದಳು. ಎಲೆಯ ಈ ಅಂಚಿಗೆ ಚುಚ್ಚಿ ಆ ಅಂಚಿನಲ್ಲಿ ತೆಗೆದು ಎಳೆದಳು. ತೂತಿನ ಬಾಯಿ ತುಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿತು. ಲೋಕದ ಮೊದಲನೇ ಹೊಲಿಗೆ ಅದು! ಹಕ್ಕಿ ಓಡಿಸೋ ಸಿಟ್ಟಿನಲ್ಲಿ ಹುಟ್ಟಿದ್ದು.

ಹಕ್ಕಿ ಕೊಂಬೆ ಮೇಲೆ ಕೂತು, ಕತ್ತು ಓರೆ ಮಾಡಿ ನೋಡುತ್ತಿತ್ತು. ಬೋರವ್ವ ಅತ್ತ ಹೋಗಿದ್ದೇ ತಡ, ಹಾರಿ ಬಂದು ನೂಲಿನ ತುದಿ ಕಚ್ಚಿ ಸರ್ರನೆ ಎಳೆಯಿತು. ಹೊಲಿಗೆಯೆಲ್ಲ ಬಿಚ್ಚಿಹೋಯಿತು.

ಅವಳು ಹೊಲಿದಳು, ಇದು ಬಿಚ್ಚಿತು. ಅವಳು ಹೊಲಿದಳು, ಇದು ಬಿಚ್ಚಿತು.

"ನಿನಗೆ ಸುಸ್ತಾಗಲ್ವೇನೇ?" ಅಂದಳು ಬೋರವ್ವ.

"ನಿನಗಾದ ಮೇಲೆ ನನಗೆ," ಅಂತು ಹಕ್ಕಿ.

ಕೊನೆಗೊಂದು ದಿನ ಬೋರವ್ವ ನೂಲಿನ ತುದಿಯನ್ನು ಬೆರಳಿಗೆ ಸುತ್ತಿ, ಒಳಗೆ ತೂರಿಸಿ, ಬಿಗಿದಳು. ಗಂಟು! ಹಕ್ಕಿ ಬಂದು ಎಳೆಯಿತು. ಬರಲಿಲ್ಲ. ಕಾಲೂರಿ ಎಳೆಯಿತು. ಬರಲಿಲ್ಲ. ರೆಕ್ಕೆ ಬಡಿದು, ಬಾಲ ನಿಗುರಿಸಿ, ಕಣ್ಣು ಮುಚ್ಚಿ ಎಳೆಯಿತು. ಊಹೂಂ.

ಬೋರವ್ವ ಸೊಂಟಕ್ಕೆ ಕೈಕೊಟ್ಟು ನಕ್ಕಳು. ಅವತ್ತಿನಿಂದ ಒಂದೊಂದೇ ತೂತು ಹೊಲಿದು ಗಂಟು ಹಾಕುತ್ತಾ ಬಂದಳು. ಹಕ್ಕಿ ಕೊಂಬೆ ಬಿಟ್ಟು ಹೋಗಲಿಲ್ಲ. ಅವಳ ಕೈಯನ್ನೇ ನೋಡುತ್ತಾ ಕೂತಿತು. ಮುಳ್ಳು ಒಳಗೆ, ಮುಳ್ಳು ಹೊರಗೆ, ನೂಲು ಬಿಗಿ. ಎಲ್ಲ ಕಂಡಿತು ಅದಕ್ಕೆ. ಗಂಟು ಹಾಕುವಾಗ ಮಾತ್ರ ಬೋರವ್ವನ ದಪ್ಪ ಹೆಬ್ಬೆರಳು ಅಡ್ಡ ಬರುತ್ತಿತ್ತು.

ನವಣೆ ತೆನೆ ಬಾಗಿತು. ಹೊಳೆ ಇಳಿಯತೊಡಗಿತು. ದಾರಿಯ ಕೆಸರೂ ಆರುತ್ತಾ ಬಂತು.

"ಬೋರವ್ವಾ, ಮಗಳು ನೀರಿಗೆ ಬಂದಿದ್ದಳು," ಅಂತು ಹೊಳೆ. "ಹೊಟ್ಟೆ ಕೆಳಕ್ಕೆ ಜಾರಿದೆ. ಕೊಡ ಎತ್ತೋಕೆ ಆಗಲಿಲ್ಲ. ಈ ದಡದ ಕಡೆಗೇ ನೋಡ್ತಾ ನಿಂತಿದ್ದಳು."

"ಎತ್ತು ಹೊಡಕೊಂಡು ಬನ್ನಿ!" ಅಂತ ಬೋರವ್ವ ಗಿರಿಯಪ್ಪನನ್ನು ಓಡಿಸಿದಳು. ಅವನು ಹೋಗುತ್ತಿದ್ದ ಹಾಗೆ ಅವಳಿಗೆ ಒಂದು ಯೋಚನೆ ಹತ್ತಿತು. ಕೊನೇ ಗಳಿಗೆಯಲ್ಲಿ ಯಾವುದಾದರೂ ಹಕ್ಕಿ ನುಗ್ಗಿಬಿಟ್ಟರೆ? ಎಲ್ಲ ತೂತು ಮುಚ್ಚಿತ್ತು. ಉಳಿದಿದ್ದು ಗಾಡಿಯ ಹಿಂಬಾಗಿಲು ಒಂದೇ. ಗಂಡ ಬರೋವರೆಗೆ ಬಾಗಿಲೂ ಬೇಡ ಅಂದುಕೊಂಡಳು. ಗಾಡಿಯೊಳಗೆ ಏರಿ, ಬಾಗಿಲಿನ ಹೊದಿಕೆ ಇಳಿಬಿಟ್ಟು, ಒಳಗಿನಿಂದಲೇ ಹೊಲಿದುಬಿಟ್ಟಳು. ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ಉಸ್ಸಪ್ಪಾ ಅಂತ ಬೆವರು ಒರೆಸಿಕೊಂಡಳು.

"ಟುವ್ವಿ," ಅಂತು ಬೆನ್ನ ಹಿಂದೆ ಒಂದು ಸಣ್ಣ ದನಿ.

ಬೋರವ್ವ ತಿರುಗಿದಳು. ಹುಟ್ಟೋ ಮಗುವನ್ನು ಮೊದಲು ಮೊರದಲ್ಲಿ ಮಲಗಿಸಬೇಕಲ್ಲ, ಅದಕ್ಕೆ ಅವಳು ಒಂದು ಹೊಸ ಮೊರ ಮಾಡಿ, ಮೆತ್ತಗೆ ಹತ್ತಿ ಹಾಸಿ ಇಟ್ಟಿದ್ದಳು. ಆ ಮೊರದ ನಡುವೆ, ಹತ್ತಿಯೊಳಗೆ ಹೊಟ್ಟೆ ಹುದುಗಿಸಿಕೊಂಡು ಕೂತಿತ್ತು ಹಕ್ಕಿ. ಅವಳು ಗಂಡನನ್ನು ಓಡಿಸೋ ಗಡಿಬಿಡಿಯಲ್ಲಿದ್ದಾಗ ನುಗ್ಗಿತ್ತು. ಹಕ್ಕಿ ಬರಬಾರದು ಅಂತ ಬಾಗಿಲು ಹೊಲಿದವಳು ಹಕ್ಕಿಯನ್ನೂ ತನ್ನನ್ನೂ ಸೇರಿಸಿ ಹೊಲಿದುಕೊಂಡಿದ್ದಳು!

ನಗು, ನಗು. ಬೋರವ್ವನಿಗೆ ನಗು ಬರಲಿಲ್ಲ. ಕೈ ಎತ್ತಿದಳು. ಒಂದು ಏಟು ಕೊಟ್ಟಿದ್ದರೆ ಆಗಿಹೋಗುತ್ತಿತ್ತು.

"ತಾಯೀ," ಅಂತು ಹಕ್ಕಿ. ಅದರ ಮೈ ನಡುಗುತ್ತಿತ್ತು. "ಈ ಸಲ ನಾನು ಹಠಕ್ಕೆ ಬರಲಿಲ್ಲ. ಮೊಟ್ಟೆ ಬಂದುಬಿಟ್ಟಿದೆ. ತಡೆಯೋಕೆ ಆಗ್ತಿಲ್ಲ. ನೆಲದ ಮೇಲೆ ಇಟ್ಟರೆ ಇದನ್ನೂ ಹಾವು ತಿನ್ನುತ್ತೆ."

ಬೋರವ್ವನ ಕೈ ಹಾಗೇ ನಿಂತಿತು. ಹೊಳೆಯಾಚೆ ಕೊಡ ಎತ್ತಲಾಗದೆ ನಿಂತ ಮಗಳು ಕಣ್ಣ ಮುಂದೆ ಬಂದಳು. ಅವಳಿಗೂ ಹೀಗೇ ಮೈ ನಡುಗುತ್ತಿರಬಹುದು. ಅವಳೂ ಹೀಗೇ ಯಾರ ಮುಖವನ್ನೋ ನೋಡುತ್ತಿರಬಹುದು. ಎತ್ತಿದ ಕೈ ಇಳಿಸಿದಳು.

ಹಾಗಂತ ಪಟ್ಟು ಬಿಟ್ಟಳಾ? ಇಲ್ಲ ಕಣೇ. ಬೋರವ್ವ ಅವಳು.

"ನೋಡು, ನೀನಿಲ್ಲಿ ಮೊಟ್ಟೆ ಇಟ್ಟರೆ ನನ್ನ ಮಗಳು ಅಲ್ಲಿ ಅವ್ವ ಇಲ್ಲದೆ ಹೆರ್ತಾಳೆ. ಅದಾಗಲ್ಲ. ನಿನ್ನ ಮೊಟ್ಟೆ ಹಾವಿನ ಬಾಯಿಗೆ ಹೋಗೋದೂ ಆಗಲ್ಲ. ಹಿಡಕೋ. ಇನ್ನೊಂದು ಚೂರು ಹೊತ್ತು ಹಿಡಕೋ!"

ಹೆರಿಗೆ ಮಾಡಿಸೋ ಹೆಂಗಸು ಹಿಡಕೋ ಅಂದದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಬೋರವ್ವ ಬಾಗಿಲಿಗೆ ಬಾಯಿ ಹಾಕಿದಳು. ತಾನೇ ಬಿಗಿದ ಗಂಟು, ಬಿಚ್ಚೋದು ಸುಲಭವಾ? ಹಲ್ಲಿನಲ್ಲಿ ಕಚ್ಚಿ ಒಂದೊಂದೇ ಗಂಟು ಕಡಿದಳು. ತುಟಿ ಸೀಳಿತು. ಬಾಗಿಲು ಬಿಚ್ಚಿಕೊಂಡ ಕೂಡಲೇ ಹಕ್ಕಿಯನ್ನು ಬೊಗಸೆಯಲ್ಲಿ ಎತ್ತಿಕೊಂಡು, ನೂಲು ಮುಳ್ಳು ಹಿಡಿದು ಕೆಳಕ್ಕೆ ಹಾರಿದಳು.

ಹೊಂಗೆ ಮರದ ಪಕ್ಕದಲ್ಲಿ ಒಂದು ಕಾಡುಬದನೆ ಗಿಡ ಇತ್ತು. ಅದರದ್ದೊಂದು ಅಗಲವಾದ ಎಲೆ ಹಿಡಿದು, ಸುರುಳಿ ಮಾಡಿ, ಮುಳ್ಳಿನಿಂದ ಚುಚ್ಚಿದಳು. ಗಾಡಿಯ ಹೊದಿಕೆ ಹೊಲಿದ ಒರಟು ಕೈ. ಎಲೆ ಪರ್ರನೆ ಹರಿಯಿತು. ಇನ್ನೊಂದು ಎಲೆ ಹಿಡಿದಳು. ಅದೂ ಹರಿಯಿತು.

"ಅಯ್ಯೋ, ನನ್ನ ಕೈ ದೊಡ್ಡದಾಯಿತಲ್ಲೇ! ಇಷ್ಟು ಸಣ್ಣ ಮನೆ ನನ್ನ ಕೈಲಿ ಆಗಲ್ಲ. ನೀನೇ ಹೊಲಿಯಬೇಕು."

"ನಾನಾ? ನನಗೆಲ್ಲಿ ಬರುತ್ತೆ?"

"ಮಳೆಗಾಲ ಪೂರ್ತಿ ನನ್ನ ಕೈ ನೋಡಿದ್ದೇನು ಸುಮ್ಮನೆಯಾ? ಭೂಮಿತಾಯಿ ಹೇಳಿಕೊಡುವಾಗ ಮಾತಾಡ್ತಾ ಕೂತೆ. ಈಗ ನಾನು ಹೇಳಿಕೊಡ್ತೀನಿ. ಬಾಯಿ ಮುಚ್ಚಿಕೊಂಡು ಕಲಿ! ನಿನ್ನ ಕೊಕ್ಕೇ ಮುಳ್ಳು. ಚುಚ್ಚು!"

ಹಕ್ಕಿ ಎಲೆಯ ಅಂಚಿಗೆ ಚುಚ್ಚಿತು.

"ನಿಧಾನಕ್ಕೆ. ಅಂಚಿಗೆ ತೀರಾ ಹತ್ತಿರ ಬೇಡ, ಹರಿಯುತ್ತೆ. ಹಾಂ, ಈಗ ನೂಲು ತೂರಿಸು. ಆ ಕಡೆ ಅಂಚಿಗೆ ಚುಚ್ಚು. ಎಳಿ. ಬಿಗಿ ಎಳಿ!"

ಹಕ್ಕಿಯ ಮೈ ನಡುಗುತ್ತಿತ್ತು, ಕೊಕ್ಕು ನಡುಗಲಿಲ್ಲ. ಚುಚ್ಚಿತು, ತೂರಿಸಿತು, ಎಳೆಯಿತು. ಎಲೆಯ ಎರಡು ಅಂಚು ಒಂದಾಗುತ್ತಾ ಬಂದವು. ಗಾಳಿಗೂ ಮಾತು ನಿಂತುಹೋಯಿತು. ಎಲೆ ಅಲುಗಬಾರದು ಅಂತ ಉಸಿರು ಬಿಗಿಹಿಡಿದು ನಿಂತಿತು.

ಅಷ್ಟರಲ್ಲಿ ಗಿರಿಯಪ್ಪ ಎತ್ತು ಹೊಡೆದುಕೊಂಡು ಬಂದ. ಹೊಳೆ ಕೂಗಿತು.

"ಬೋರವ್ವಾ! ಮೇಲೆ ಮೋಡ ಕಟ್ಟಿದೆ, ನನಗೆ ನೀರು ಬರ್ತಾ ಇದೆ. ಈಗ ದಾಟಿದರೆ ದಾಟಿದೆ. ನಿನ್ನ ಮಗಳು ನೋವು ತಿನ್ನುತ್ತಾ ಇದ್ದಾಳೆ, ಅವ್ವಾ ಅವ್ವಾ ಅಂತ ಕೂಗ್ತಿದ್ದಾಳೆ!"

ಬೋರವ್ವ ಎದ್ದು ನಿಂತಳು. ಹಕ್ಕಿ ತಲೆ ಎತ್ತಿ ನೋಡಿತು. "ತಾಯಿ, ಗಂಟು? ಗಂಟು ಹಾಕೋದು ಹೇಳಿಕೊಡಲೇ ಇಲ್ಲ. ಇದು ಬಿಚ್ಚಿಹೋಗುತ್ತೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬೋರವ್ವ ಹೊಳೆ ಕಡೆ ನೋಡಿದಳು. ಹಕ್ಕಿ ಕಡೆ ನೋಡಿದಳು. ಗಂಟು ಕಲಿಸೋಕೆ ಹೊತ್ತಿಲ್ಲ. ಮಂಡಿಯೂರಿ ಕೂತು, ನೂಲಿನ ತುದಿಯನ್ನು ಉಗುರಿನಿಂದ ಕೆದರಿ, ಮತ್ತೆ ಹತ್ತಿಯ ಹಾಗೆ ಉಬ್ಬಿಸಿದಳು. ಎಲೆಯ ಹೊರಗಡೆ ಪುಟ್ಟ ಉಂಡೆಯಾಯಿತು.

"ಪ್ರತಿ ಚುಚ್ಚಿಗೂ ಹೀಗೆ ಮಾಡು. ತೂತಿನೊಳಗೆ ಜಾರಲ್ಲ. ಮರಿ ಹಾರೋ ತನಕ ತಡೆಯುತ್ತೆ. ಗಂಟು ನಾನು ವಾಪಸ್ ಬಂದ ಮೇಲೆ ಹೇಳಿಕೊಡ್ತೀನಿ."

"ಬರ್ತೀಯಾ?"

"ಬರ್ತೀನಿ ಕಣೇ. ಮಗಳ ಬಾಣಂತನ ಮುಗಿಸಿ ಬಂದೇ ಬರ್ತೀನಿ."

ಮೊರದಲ್ಲಿ ಹಾಸಿದ್ದ ಹತ್ತಿಯಲ್ಲಿ ಅರ್ಧ ತೆಗೆದು ಎಲೆಯ ಚೀಲದೊಳಗೆ ಇಟ್ಟಳು. ಇನ್ನರ್ಧ ಮೊಮ್ಮಗುವಿಗೆ ಉಳಿಸಿಕೊಂಡಳು. ಗಾಡಿ ಹತ್ತಿದಳು. ಗಿರಿಯಪ್ಪ ಎತ್ತು ಹೊಡೆದ. ಬೋರವ್ವ ಕಣ್ಣು ಮುಚ್ಚಿಕೊಂಡಳು. ಗಾಡಿಯೊಳಗೆ ಎಲ್ಲಾದರೂ ಕಾಣದ ಹಾಗೆ ಒಂದು ಮೊಟ್ಟೆ ಇದ್ದುಬಿಟ್ಟಿದ್ದರೆ?

ಚಕ್ರ ಕಿರ್ರೋ ಅಂತ ಉರುಳಿತು.

ಹೊಳೆ ತನಗೆ ಬರುತ್ತಿದ್ದ ನೀರನ್ನೆಲ್ಲ ಎದೆಗೆ ಅವುಚಿ ತಡೆದುಕೊಂಡು ಗಾಡಿಗೆ ದಾರಿ ಬಿಟ್ಟಿತು. ಆಚೆ ದಡದಲ್ಲಿ ಸಾಕವ್ವ ಗಾಡಿಯ ಸದ್ದು ಕೇಳಿದಳು. "ಅವ್ವ ಬಂದಳು," ಅಂದಳಂತೆ. ಅಷ್ಟೇ ಅಂದದ್ದು. ತವರಿನ ಗಾಡಿಯೊಳಗೆ, ಅವ್ವನ ತೊಡೆ ಹಿಡಿದುಕೊಂಡು ಹೆತ್ತಳು. ಹೆಣ್ಣು ಮಗು. ಮೊರದಲ್ಲಿ ಅರ್ಧ ಹತ್ತಿಯ ಮೇಲೆ ಮಲಗಿಸಿದರು.

ಅದೇ ಹೊತ್ತಿಗೆ ಈಚೆ ದಡದಲ್ಲಿ, ಬದನೆ ಎಲೆಯೊಳಗೆ, ಉಳಿದರ್ಧ ಹತ್ತಿಯ ಮೇಲೆ ಮೊಟ್ಟೆ ಬಿತ್ತು. ಮಳೆ ಬಂತು, ಎಲೆ ನೆನೆಯಿತು, ಹೊಲಿಗೆ ಬಿಡಲಿಲ್ಲ. ಹಾವು ಕೆಳಗೇ ಹರಿದು ಹೋಯಿತು. ಗಿಡದಲ್ಲಿ ಇನ್ನೊಂದು ಎಲೆ ಅಂದುಕೊಂಡಿತು. ಕಾಗೆಯೂ ಹಾಗೇ ಅಂದುಕೊಂಡಿತು. ಹಕ್ಕಿ ಮೊದಲನೇ ಸಲ ತನ್ನ ಮರಿಗಳ ಮುಖ ನೋಡಿತು.

ಮರಿಗಳು ಹಾರಿದ ಮೇಲೆ ಹೊಂಗೆ ಮರದ ಮೇಲೆ ಕೂತು ಕಾಯಿತು. "ಟುವ್ವಿ! ಟುವ್ವಿ!" ಅಂತ ಕೂಗಿತು.

ಬೋರವ್ವ ಬರಲಿಲ್ಲ.

ಸುಳ್ಳು ಹೇಳಿದಳು ಅಂದುಕೊಳ್ಳಬೇಡ. ಬರಬೇಕು ಅಂತಲೇ ಇದ್ದಳು. ಮಗುವಿಗೆ ಹಲ್ಲು ಬರಲಿ ಅಂದಳು. ಆಮೇಲೆ ಹೆಜ್ಜೆ ಇಡಲಿ ಅಂದಳು. ಅಷ್ಟರಲ್ಲಿ ಮತ್ತೊಂದು ಮಗು. ಅಷ್ಟರಲ್ಲಿ ನೆಲ ಗಟ್ಟಿಯಾಯಿತು, ಗಿರಿಯಪ್ಪ ಗಾಡಿಯ ಚಕ್ರ ಬಿಚ್ಚಿ ಕಮಾನನ್ನು ನೆಲದ ಮೇಲೆ ಇಳಿಸಿದ, ಸುತ್ತ ಗೋಡೆ ಎಬ್ಬಿಸಿದ. ಅದೇ ಮೊದಲನೇ ಮನೆ. ಬೋರವ್ವ ಮುದುಕಿಯಾದಳು. ಆದರೆ ಮರೆಯಲಿಲ್ಲ. ಮೊಮ್ಮಗಳಿಗೆ ಗಂಟು ಹಾಕೋದು ಕಲಿಸಿ ಹೇಳಿದಳು, "ನಾನು ಒಂದು ಹಕ್ಕಿಗೆ ಮಾತು ಕೊಟ್ಟು ಬಂದಿದ್ದೀನಿ ಕಣೇ. ಬಂದರೆ ನೀನಾದರೂ ತೋರಿಸು. ಹೆಬ್ಬೆರಳು ಅಡ್ಡ ಬರದ ಹಾಗೆ ತೋರಿಸು." ಆ ಮೊಮ್ಮಗಳು ತನ್ನ ಮಗಳಿಗೆ ಹೇಳಿದಳು. ಅವಳು ಅವಳ ಮಗಳಿಗೆ. ನನಗೆ ನಮ್ಮವ್ವ ಹೇಳಿದಳು.

ಹಕ್ಕಿಯೂ ಮರೆಯಲಿಲ್ಲ. ಕಾದು ಕಾದು, ಒಂದು ದಿನ ಹೊಳೆ ದಾಟಿ ಹುಡುಕಿಕೊಂಡು ಬಂತು. ಆದರೆ ಅಷ್ಟು ಹೊತ್ತಿಗೆ ಎಲ್ಲೆಲ್ಲೂ ಮನೆಗಳು. ಬೋರವ್ವನ ಮನೆ ಯಾವುದು ಅಂತ ಅದಕ್ಕೇನು ಗೊತ್ತು? ಒಂದೊಂದು ಮನೆಯ ಅಂಗಳಕ್ಕೂ ಬಂದು, ಬಾಲ ನಿಗುರಿಸಿ, ಮೈಗಿಂತ ದೊಡ್ಡ ಗಂಟಲಲ್ಲಿ ಕೂಗೋಕೆ ಶುರು ಮಾಡಿತು. ಹೊಲಿಗೆ ಬಂದ ಮೇಲೆ ಇನ್ನೊಬ್ಬರ ಮನೆಯೊಳಗೆ ಮಾತ್ರ ಗೂಡು ಮಾಡಲಿಲ್ಲ ನೋಡು. ಅಷ್ಟು ಸ್ವಾಭಿಮಾನ.

ಶ್... ಅಲ್ಲಾಡಬೇಡ. ಆ ಟ್ರೈಲರ್ ಕಿಟಕಿ ನೋಡು, ಮೆಲ್ಲಗೆ. ಬಂತಲ್ಲ! ನೀನು ತುರುಕಿದ ಹತ್ತಿ ಎಳೀತಾ ಇದೆ. ಎಳೀಲಿ ಬಿಡು, ಅದು ಒಳಗೆ ಹೋಗಲ್ಲ, ಅದಕ್ಕೆ ಬೇಕಾಗಿರೋದು ನೂಲು. ಗೊರವಂಕಕ್ಕೂ ಪಾರಿವಾಳಕ್ಕೂ ಬೇಕಾದರೆ ನಾಳೆ ತಂತಿ ಜಾಲರಿ ಬಡಿಸೋಣ, ಬಿಗಿಯಾಗಿ. ಮಾವ ಹೊರಡೋ ದಿನ ಗಾಡಿ ನಿಲ್ಲಬಾರದು. ಆದರೆ ಬೇಲಿ ಮೇಲೆ ಒಂದು ಹಿಡಿ ಹತ್ತಿ ಇಟ್ಟಿರು, ಮರೀಬೇಡ.

ನೋಡು, ಈಗ ನನ್ನ ಕೈ ನೋಡ್ತಾ ಇದೆ. ಕತ್ತು ಓರೆ ಮಾಡಿತು. ಇನ್ನೊಂದು ಹೂ ಇಡ್ತೀನಿ. ದಾರ ಸುತ್ತಿದೆ. ಹೆಬ್ಬೆರಳು ತೆಗೆದೆ, ಕಾಣಿಸ್ತಾ ಇದೆಯಾ ತಾಯಿ? ಈಗ ತುದಿ ಒಳಗೆ ತೂರಿಸ್ತೀನಿ, ಈಗ ಬಿಗೀ...

ಹಾರಿಹೋಯ್ತು! ಪ್ರತಿ ಸಲ ಇಷ್ಟೇ. ಬದನೆ ಗಿಡದಲ್ಲಿ ಮರಿಗಳು ಚಿಂವ್ ಅಂದಿದ್ದು ನಿನಗೆ ಕೇಳಿಸಲಿಲ್ಲವಾ? ಅದಕ್ಕೆ ಕೇಳಿಸಿತು. ಮಕ್ಕಳು ಕರೆದರೆ ಗಂಟು ನೋಡ್ತಾ ಕೂರೋಕೆ ಆಗುತ್ತಾ? ಬೋರವ್ವನಿಗೂ ಆಗಲಿಲ್ಲ.

ಹೋಗು, ಮೆಲ್ಲಗೆ ಹೋಗಿ ಆ ಬದನೆ ಎಲೆಯ ಚೀಲ ನೋಡಿ ಬಾ, ಮುಟ್ಟಬೇಡ. ಇವತ್ತಿಗೂ ಟುವ್ವಿ ಹಕ್ಕಿ ನಮ್ಮ ಮನೆಗಳ ಪಕ್ಕದಲ್ಲೇ ಎಲೆ ಹೊಲಿಯುತ್ತೆ, ಇವತ್ತಿಗೂ ಅದರ ಹೊಲಿಗೆಗೆ ಗಂಟಿರೋದಿಲ್ಲ, ಒಂದೊಂದು ಚುಚ್ಚಿನ ತುದಿಗೂ ಬೋರವ್ವ ಹೊರಡೋ ಅವಸರದಲ್ಲಿ ಕೆದರಿಕೊಟ್ಟ ಹಾಗೇ ಒಂದೊಂದು ಹತ್ತಿಯ ಉಂಡೆ ಇರುತ್ತೆ.